ನಾವಿರುವ ಬಾಂದ್ರಾ

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಎಂಟನೆಯ ತರಗತಿಗೆ ನಾವು ಒಂದು ಪ್ರವಾಸಕಥನದ ಪಾಠವನ್ನು ಹೇಳುತ್ತಿದ್ದೆವು. ಯೂರೋಪಿನ ಮಹಾನಗರವೊಂದಕ್ಕೆ ಹೋದ ಲೇಖಕರು ಅಲ್ಲಿಯ ಕೇರಿಕೇರಿಗಳನ್ನು ಸುತ್ತಿ ಬರೆದುದು ಅದು. ಮಕ್ಕಳು ಬಹಳ ಉತ್ಸಾಹದಿಂದ ಕೇಳಿದರು. ಆಗ ಸಹಜವಾಗಿ ನಾವೊಂದು ಪ್ರಶ್ನೆ ಹಾಕಿದೆವು: "ಬ್ಯಾಂಡ್‌ಸ್ಟ್ಯಾಂಡಿನ ಕೊನೆಯಲ್ಲಿರುವ ಕೋಟೆಯನ್ನು ನೋಡಿದವರು ಎಷ್ಟು ಮಂದಿ?" ಮೂವತ್ತೊಂದು ಮಕ್ಕಳಲ್ಲಿ ಕೈ ಎತ್ತಿದವರು ನಾಲ್ವರು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಸರ್, ಅಲ್ಲಿ ನಮ್ಮಂಥಾವ್ರನ್ನ ಒಳಗ ಬಿಡ್ತಾರೇನ್ರಿ?" ಎಂದು ಕೇಳಿದನು.

ಆ ಬಾಲಕನು ಹುಟ್ಟಿದ್ದು ಬಾಂದ್ರಾ ಪೂರ್ವದಲ್ಲಿಯೇ. ಅವನ ತಂದೆ ಹಳಿಯಿಂದಾಚೆಯ ಎತ್ತರದ ಕಟ್ಟಡಗಳೆರಡಕ್ಕೆ ಸಿಮೆಂಟು, ಜಲ್ಲಿ ಹೊತ್ತವರು. ಹುಡುಗನ ಮಾತು ನಮ್ಮ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ದೂರದೇಶದ ನಗರದ ಕೇರಿಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುವ ನಾವು, ಮಕ್ಕಳು ಇರುವ ಊರನ್ನೇ ಅವರಿಗೆ ತೋರಿಸಲಿಲ್ಲವಲ್ಲ!

ನಮ್ಮ ಅಜ್ಞಾನವನ್ನೂ ಮರೆಮಾಚುವುದು ಬೇಡ. ಒಂಬತ್ತು ವರ್ಷಗಳ ಹಿಂದೆ ವಿಜಯಪುರದ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದಾಗ ನಮ್ಮ ಕೈಯಲ್ಲಿದ್ದ ಚೀಟಿಯಲ್ಲಿ ಸಂಬಂಧಿಕರ ಚಾಳಿನ ಹೆಸರೂ "ಬಾಂದ್ರಾ" ಎಂಬ ಒಂದು ಪದವೂ ಇದ್ದುವು. ಚಾಳು ಇದ್ದುದು ಬಜಾರ್ ರೋಡಿನ ಬಳಿ. ನಾವು ಇಳಿದುದು ಪೂರ್ವದ ಕಡೆಗೆ. ಎರಡು ಗಂಟೆ ಅಲೆದೆವು. ಕೇಳಿದವರೆಲ್ಲರೂ "ಈಸ್ಟೋ ವೆಸ್ಟೋ?" ಎಂದು ನಮ್ಮನ್ನೇ ತಿರುಗಿ ಕೇಳಿದರು. ಸೂರ್ಯನನ್ನು ನೋಡಿ ದಿಕ್ಕು ತಿಳಿಯುವುದನ್ನು ನಾವು ಹೊಲದಲ್ಲಿ ಕಲಿತಿದ್ದೆವು. ಇಲ್ಲಿ ಅದನ್ನು ರೈಲು ಹಳಿಯನ್ನು ನೋಡಿ ತಿಳಿಯಬೇಕು.

ಆದರೆ ಹಳಿ ಬಂದುದು ತೀರ ಇತ್ತೀಚೆಗೆ. ವಿರಾರದಿಂದ ಬ್ಯಾಕ್‌ಬೇಗೆ ಮೊದಲ ಲೋಕಲ್ ಗಾಡಿ ಓಡಿದುದು 1867ರಲ್ಲಿ. ಅದಕ್ಕೂ ಹಿಂದೆ ಬಾಂದ್ರಾ ಮುಂಬಯಿಯೇ ಆಗಿರಲಿಲ್ಲ. 1661ರಲ್ಲಿ ಪೋರ್ತುಗೀಸರು ತಮ್ಮ ರಾಜಕುಮಾರಿಯ ಬಳುವಳಿಯಾಗಿ ಮುಂಬಯಿಯನ್ನು ಇಂಗ್ಲೆಂಡಿನ ಅರಸನಿಗೆ ಕೊಟ್ಟರಷ್ಟೆ? ಮಾಹಿಮ್ ಖಾಡಿಯ ಈಚೆಗಿನ ಸಾಷ್ಟಿ ದ್ವೀಪವನ್ನು ತಮ್ಮಲ್ಲಿಯೇ ಇರಿಸಿಕೊಂಡರು. ಬಾಂದ್ರಾ ಅದರ ತೆಂಕಣ ತುದಿ. 1737ರಲ್ಲಿ ಮರಾಠರೂ 1774ರಲ್ಲಿ ಇಂಗ್ಲಿಷರೂ ಸಾಷ್ಟಿಯನ್ನು ಗೆದ್ದುಕೊಂಡರು. ಖಾಡಿಯನ್ನು ದೋಣಿಯಲ್ಲಿ ದಾಟಬೇಕಾಗಿದ್ದ ಕಾಲದಲ್ಲಿ ಲೇಡಿ ಜಮ್‌ಶೆಟ್‌ಜಿ ಎಂಬ ಪಾರಸಿ ಮಹಿಳೆ 1,57,000 ರೂಪಾಯಿಗಳನ್ನು ಕೊಟ್ಟುದರಿಂದ 1845ರಲ್ಲಿ ಮಾಹಿಮ್ ಕಾಜ್‌ವೇ ಮುಗಿಯಿತು. ಈಗ ಬಸ್ಸಿನಲ್ಲಿ ಕುಳಿತು ಮೂಗು ಮುಚ್ಚಿಕೊಂಡು ನಾವು ದಾಟುವ ರಸ್ತೆ ಅದೇ. ಬಾಂದ್ರಾ ಮುಂಬಯಿ ಮಹಾನಗರಪಾಲಿಕೆಗೆ ಸೇರಿದುದು 1950ರಲ್ಲಿ. ಇಷ್ಟಾದರೂ 1990ರಲ್ಲಿ ಜಿಲ್ಲೆ ಒಡೆದಾಗ ಅದು ಉಪನಗರ ಜಿಲ್ಲೆಗೇ ಸೇರಿತು. ಆ ಜಿಲ್ಲೆಯ ಕಲೆಕ್ಟರ ಕಚೇರಿ ನಮ್ಮ ಬಾಂದ್ರಾ ಪೂರ್ವದಲ್ಲಿಯೇ ಇದೆ.

ಎಲ್ಲ ದೊಡ್ಡ ನಗರಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಡ್ಯಾನ್ಯೂಬ್ ನದಿಯ ಈ ದಡದ ಬುಡಾ, ಆ ದಡದ ಪೆಸ್ಟ್ 1873ರಲ್ಲಿ ಕೂಡಿ ಬುಡಾಪೆಸ್ಟ್ ಆದುವು. ಅಷ್ಟು ದೂರವೇಕೆ, 1962ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೆ ಒಂದೇ ಮಹಾನಗರಪಾಲಿಕೆ ಆಯಿತು. ಆದರೂ ಧಾರವಾಡದವರು ತಮ್ಮನ್ನು ಹುಬ್ಬಳ್ಳಿಯವರೆಂದು ಕರೆದರೆ ಸುಮ್ಮನಿರುವರೇ? ಪ್ಯಾರಿಸ್ಸಿನಲ್ಲಿ 1860ರಿಂದ ಇಪ್ಪತ್ತು ವಾರ್ಡುಗಳು. ಅವುಗಳ ಅಂಕಿಗಳು ನಡುವಿನಿಂದ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಹೊರಗೆ ಸಾಗುತ್ತವೆ. ಇದನ್ನು ತಿಳಿದ ಪ್ರವಾಸಿಗೆ ಅಂಕಿಯಿಂದಲೇ ತಾನು ಎಲ್ಲಿರುವೆನೆಂಬುದು ಗೊತ್ತಾಗುವುದು. ನಮ್ಮಲ್ಲಿಯೂ ಎಚ್-ಪೂರ್ವ, ಎಚ್-ಪಶ್ಚಿಮ ಎಂಬ ವಾರ್ಡುಗಳುಂಟು. ನೀರಿನ ತಕರಾರಿಗೆ ಅವು ಬೇಕು. ಊರನ್ನು ತಿಳಿಯಲು ಸಾಲವು.

ಊರನ್ನು ತಿಳಿಯಲು ಹೆಸರುಗಳನ್ನು ಕೇಳಬೇಕು, ಕಾಲಿನಿಂದ ನಡೆಯಬೇಕು. ಪಶ್ಚಿಮದ ಬೆಡಗಿನ ಅಂಗಡಿಗಳ ಬೆನ್ನಿಗೇ ರಣವಾರ, ಚಿಂಬಯಿ, ಪಾಲಿ, ಚುಯಿಮ್ ಎಂಬ ಹಳೆಯ ಹಳ್ಳಿಗಳಿವೆ. ಇವುಗಳಿಗೆ ಇಲ್ಲಿಯವರು ಗಾವಠಾಣ ಎನ್ನುತ್ತಾರೆ. ಆ ಪದ ಕಿವಿಗೆ ಬಿದ್ದಾಗ ನಮಗಾದ ಸಂತೋಷವನ್ನು ಏನೆಂದು ಹೇಳೋಣ! ನಮ್ಮ ತಂದೆಯವರ ಜಮೀನಿನ ಕಾಗದಗಳಲ್ಲಿ ಓದಿದ ಪದವೇ ಅದು. ಗಲ್ಲಿಗಳು ಇಬ್ಬರು ಎದುರಾದರೆ ಭುಜ ತಾಗುವಷ್ಟು ಕಿರಿದು. ಮನೆಗಳಿಗೆ ಹೊರಗಿನಿಂದ ಮರದ ಮೆಟ್ಟಿಲು. ತಿರುವುಗಳಲ್ಲಿ ಕಲ್ಲಿನ ಶಿಲುಬೆಗಳು. ಅವುಗಳಲ್ಲಿ ಕೆಲವನ್ನು 1896ರಲ್ಲಿ ಪ್ಲೇಗು ಬಂದಾಗ ಮಾರಿ ತೊಲಗಲೆಂದು ನಿಲ್ಲಿಸಿದರು. ನಮ್ಮ ಊರಗಡಿಯಲ್ಲಿ ಪ್ಲೇಗಮ್ಮನ ಗುಡಿ ಕಟ್ಟಿದ ಹಾಗೆಯೇ. ಚಿಂಬಯಿಯಲ್ಲಿ ಇಂದಿಗೂ ಕೋಳಿ ಜನರ ದೋಣಿಗಳಿವೆ. ಹಿಲ್ ರೋಡನ್ನು ಬಟ್ಟೆಯ ಪೇಟೆಯೆಂದಷ್ಟೇ ನೀವು ಬಲ್ಲಿರಿ. ಹಿಲ್ ಎಂದರೆ ಮೌಂಟ್ ಮೇರಿಯ ಗುಡ್ಡ. ಸೆಪ್ಟೆಂಬರಿನ ಜಾತ್ರೆಗೆ ಮತಭೇದವಿಲ್ಲದೆ ಜನ ಆ ಗುಡ್ಡವನ್ನು ಏರುತ್ತಾರೆ.

ಪಶ್ಚಿಮವಷ್ಟೇ ನೋಡತಕ್ಕದ್ದು, ಪೂರ್ವ ನಾವಿರುವ ಕೊಂಪೆ ಎಂಬ ಭಾವನೆಯೂ ಕೂಡದು. ಖೇರವಾಡಿಯ ಹೆಸರಿನ ಕೊನೆಗೆ ವಾಡಿ ಏಕಿದೆ? ಇಂದು ಗಾಜಿನ ಗೋಪುರಗಳಿರುವ ಬಾಂದ್ರಾ-ಕುರ್ಲಾ ಸಂಕೀರ್ಣದ ನೆಲ ಮಿಠೀ ನದಿಯ ಪಕ್ಕದ ಜೌಗಾಗಿತ್ತೆಂದು ಎಷ್ಟು ಮಕ್ಕಳಿಗೆ ಗೊತ್ತು? ಮಳೆ ಜಡಿದಾಗ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುವುದೇಕೆಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಬಹುಕಾಲ ನೆಲೆಸಿದ್ದರು. ಅವರ 'ಶಿಕಾರಿ' ಈ ಮುಂಬಯಿಯ ಕಾದಂಬರಿ. ದೊಡ್ಡವರಾದ ಮೇಲೆ ಓದುವಿರಂತೆ.

ಹೀಗಿರುವಲ್ಲಿ ನಮ್ಮ ಅಭಿಪ್ರಾಯ ಇಷ್ಟು. ಪ್ರತಿವರ್ಷ ಶಾಲೆಯ ಸಹಲು ಬಸ್ಸು ಹಿಡಿದು ದೂರದ ನೀರಾಟದ ತಾಣಕ್ಕೆ ಹೋಗುತ್ತದೆ. ವರ್ಗಣಿ ಕೊಡಲಾರದ ಮಕ್ಕಳು ಆ ದಿನ ಜ್ವರವೆಂದು ಮನೆಯಲ್ಲಿ ಉಳಿಯುತ್ತಾರೆ. ಆ ಜ್ವರ ಎಂಥದೆಂದು ಶಿಕ್ಷಕರೆಲ್ಲರಿಗೂ ಗೊತ್ತು. ಈ ವರ್ಷ ಆ ಸಹಲನ್ನು ಬಿಟ್ಟು ಬಾಂದ್ರಾದಲ್ಲಿಯೇ ಒಂದು ದಿನ ನಡೆಯೋಣ. ಹಿಲ್ ರೋಡಿನ ವಾಹನಗಳ ನಡುವೆ ಮಕ್ಕಳನ್ನು ಎಣಿಸುವವರಾರು ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಅವರ ಭಯ ಸುಳ್ಳಲ್ಲ. ಆದುದರಿಂದ ಒಂದು ಸಲಕ್ಕೆ ಒಂದೇ ತರಗತಿ ಹೋಗಲಿ. ಶ್ರೀಮಂತರ ಬಂಗಲೆಗಳನ್ನು ಕಂಡು ಮಕ್ಕಳ ಮನಸ್ಸು ಕುಂದೀತೆಂದು ಇನ್ನೊಬ್ಬರು ಹೇಳಿದರು. ಇದನ್ನು ನಾವು ಒಪ್ಪಲಾರೆವು. ಆ ಕಟ್ಟಡಗಳನ್ನು ಮಕ್ಕಳು ನಿತ್ಯವೂ ದೂರದಿಂದ ಕಾಣುತ್ತಿದ್ದಾರೆ. ಕಾಣದಿರುವುದು ಅವುಗಳ ನಡುವಣ ಚಿಕ್ಕ ಮನೆಗಳನ್ನು, ದೋಣಿಗಳನ್ನು, ಸಂಜೆ ಕಟ್ಟೆಯ ಮೇಲೆ ಕುಳಿತ ಮುದುಕರನ್ನು. ಊರು ಮೊದಲು ಅವರದು, ನಾವು ಆಮೇಲೆ ಬಂದವರು; ನಮಸ್ಕರಿಸಿ ಕೇಳಿದರೆ ಬೇಡವೆನ್ನದೆ ಹೇಳುತ್ತಾರೆ. ನಮ್ಮ ಮುರುಕು ಮರಾಠಿಗೆ ನಕ್ಕರೆ ನಗಲಿ.

ಆ ಹುಡುಗನನ್ನೂ ಅವನ ಗೆಳೆಯರಿಬ್ಬರನ್ನೂ ಒಂದು ಭಾನುವಾರ ನಾವು ಕೋಟೆಗೆ ಕರೆದೊಯ್ದೆವು. ಪೋರ್ತುಗೀಸರು 1640ರಲ್ಲಿ ಕಟ್ಟಿದ ಕಾವಲುಕೋಟೆ ಅದು. ಹಡಗುಗಳಿಗೆ ಸಿಹಿನೀರು ದೊರೆಯುವ ಸ್ಥಳವಾದುದರಿಂದ ಅಗ್ವಾದಾ ಎಂಬ ಹೆಸರು. ಟಿಕೇಟಿಲ್ಲ, ಯಾರೂ ತಡೆಯಲಿಲ್ಲ. ಅವನು ಗೋಡೆಯ ಮೇಲೆ ನಿಂತು, 2009ರಲ್ಲಿ ತೆರೆದ ಸಮುದ್ರಸೇತುವೆಯನ್ನೂ ಆಚೆಗಿನ ವರಳಿಯನ್ನೂ ಬಹಳ ಹೊತ್ತು ನೋಡಿದನು. ಬಳಿಕ ಹಿಂದೆ ತಿರುಗಿ, ತನ್ನ ಮನೆ ಯಾವ ದಿಕ್ಕಿಗೆ ಬರುವುದೆಂದು ಕೇಳಿದನು. ನಾವು ಕೈ ತೋರಿಸಿದೆವು. ಹಿಂತಿರುಗುವಾಗ ರಿಕ್ಷಾ ಬೇಡವೆಂದು ಮೂವರೂ ಹಟ ಹಿಡಿದು, ರೈಲು ನಿಲ್ದಾಣದವರೆಗೆ ನಡೆದೇ ಬಂದರು.