ಕಿಲೋಮೀಟರ್ ಕೇಳುವ ಮುನ್ನ
ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹಳೇ ಟೂರಿಂಗ್ ಬೈಕ್ ನೋಡಲು ಹೋದವರ ಮೊದಲ ಪ್ರಶ್ನೆ, ಎಷ್ಟು ಓಡಿದೆ? ಮೀಟರ್ ತಿದ್ದಬಹುದು, ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ಹಾಗಾಗಿ ಬೆಳಗಿನ ಮೊದಲ ಸ್ಟಾರ್ಟ್ ನಿಮ್ಮೆದುರೇ ಆಗಲಿ. ಮುಂಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ: ನಟ್ಟನಡುವೆ ಕಚ್ಚಿಕೊಂಡರೆ ಬೇರಿಂಗ್ ಸವೆದಿದೆ. ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಗೀರು ಆಳವಿದ್ದರೂ ಹಾಸನ ಹೆದ್ದಾರಿಯ ವೇಗಕ್ಕೆ ಆ ರಬ್ಬರನ್ನು ನೆಚ್ಚಬೇಡಿ.

ಪರಿಚಯದವರ ಬಳಿ ಇಷ್ಟು ತನಿಖೆ ಅವಮಾನವಲ್ಲವೇ ಎನ್ನುವವರುಂಟು. ಆದರೆ ಕಾಗದಪತ್ರದ ತನಿಖೆ ಅವರಿಗೂ ರಕ್ಷಣೆ; ಹೆಸರು ವರ್ಗಾಯಿಸದೆ ಬಿಟ್ಟರೆ ಸಿಕ್ಕಿಬೀಳುವುದು ಆ ಪರಿಚಯದವರೇ: ಅಪಘಾತ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆರ್‌ಸಿಯಲ್ಲಿ ಸಾಲದ ನಮೂದು ಉಳಿದಿದ್ದರೆ, ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ.