ನಗಿಸುವವರ ಹೊಣೆ

ಹಾಸ್ಯಸಾಹಿತಿಗಳೆಂದರೆ ಬಿಡುವಿನ ವೇಳೆಯಲ್ಲಿ ಮನಸ್ಸನ್ನು ಹಗುರಗೊಳಿಸುವವರು, ಗಂಭೀರವಾದ ಸಾರ್ವಜನಿಕ ಪ್ರಶ್ನೆಗಳಿಗೂ ಅವರಿಗೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ಅಪೂರ್ಣವಾದುದೆಂದು ಅರಿಯಲು ಪುಣೆಯ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಮರಾಠಿ ಜನತೆ ಪ್ರೀತಿಯಿಂದ ‘ಪು.ಲ.’ ಎಂದು ಕರೆಯುವ ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರ (1919–2000) ಜೀವನವನ್ನು ಅವಲೋಕಿಸಿದರೆ ಸಾಕು.

ಮುಂಬಯಿಯಲ್ಲಿ ಜನಿಸಿದ ಪು.ಲ. ಅವರು ರಂಗಭೂಮಿ, ಚಲನಚಿತ್ರ, ಸಂಗೀತ, ಆಕಾಶವಾಣಿಗಳಲ್ಲಿ ದುಡಿದವರು. 1959ರಲ್ಲಿ ದೆಹಲಿಯಲ್ಲಿ ದೂರದರ್ಶನವು ಆರಂಭವಾದಾಗ ಅದರ ಮೊದಲ ನಿರ್ಮಾಪಕರಲ್ಲಿ ಒಬ್ಬರಾಗಿದ್ದರು. ‘ವ್ಯಕ್ತಿ ಆಣಿ ವಲ್ಲಿ’ ಕೃತಿಗೆ 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅವರ ಹಾಸ್ಯದ ಬಾಣಗಳು ಹೆಚ್ಚಾಗಿ ಹಾರಿದ್ದು ಸ್ವಜನರತ್ತಲೇ. ಮುಂಬಯಿ, ಪುಣೆ, ನಾಗಪುರಗಳ ನಿವಾಸಿಗಳ ಬಿಗುಮಾನವನ್ನು ಅವರು ಚಿತ್ರಿಸಿದಾಗ ಆ ಊರುಗಳ ಜನರೇ ಬಿದ್ದು ಬಿದ್ದು ನಕ್ಕರು.

ಕನ್ನಡಿಗರಿಗೆ ಅವರು ಪರಕೀಯರಲ್ಲ. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅವರು ಕೆಲಕಾಲ ಅಧ್ಯಾಪಕರಾಗಿದ್ದರು. ಆ ಊರಿನ ‘ರಾವ್‌ಸಾಹೇಬ’ರನ್ನು ಕುರಿತು ಅವರು ಬರೆದ ವ್ಯಕ್ತಿಚಿತ್ರ ಮರಾಠಿ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ. ರಾವ್‌ಸಾಹೇಬರ ಮರಾಠಿಯಲ್ಲಿ ಕನ್ನಡದ ಧಾಟಿ ಎದ್ದು ಕಾಣುತ್ತದೆ. ಪು.ಲ. ಅದನ್ನು ಅಪಹಾಸ್ಯಕ್ಕೆ ಗುರಿಮಾಡದೆ ಅದರ ಹಿಂದಿನ ಹೃದಯವಂತಿಕೆಯನ್ನು ಓದುಗರಿಗೆ ತೋರಿಸಿದರು. ಗಡಿಯ ಎರಡು ಭಾಷೆಗಳು ಒಂದೇ ನಾಲಗೆಯಲ್ಲಿ ಸ್ನೇಹದಿಂದ ಬಾಳಬಲ್ಲವೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯ ಬೇಕೆ?

1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಜನಪ್ರಿಯತೆಯ ಶಿಖರದಲ್ಲಿದ್ದ ಲೇಖಕನಿಗೆ ಮೌನವೇ ಸುರಕ್ಷಿತ ಮಾರ್ಗವಾಗಿದ್ದಿತು. ಆದರೆ ಪು.ಲ. ಅವರು 1977ರ ಚುನಾವಣೆಯ ಸಮಯದಲ್ಲಿ ಬಹಿರಂಗ ಸಭೆಗಳಲ್ಲಿ ನಿಂತು ಸ್ವಾತಂತ್ರ್ಯದ ಪರವಾಗಿ ಮಾತನಾಡಿದರು. ಗೆಲುವಿನ ನಂತರ ಅಧಿಕಾರವನ್ನು ಬಯಸದೆ ತಮ್ಮ ಬರವಣಿಗೆಗೆ ಮರಳಿದರು. ಮಾದಕ ವ್ಯಸನಕ್ಕೆ ಬಲಿಯಾಗುತ್ತಿದ್ದ ಯುವಕರಿಗಾಗಿ ಡಾ. ಅನಿಲ ಅವಚಟ ಹಾಗೂ ಡಾ. ಅನಿತಾ ಅವಚಟ ದಂಪತಿಗಳು 1986ರಲ್ಲಿ ಪುಣೆಯಲ್ಲಿ ‘ಮುಕ್ತಾಂಗಣ’ ಕೇಂದ್ರವನ್ನು ಸ್ಥಾಪಿಸಿದಾಗ, ಪು.ಲ. ಮತ್ತು ಸುನೀತಾ ದೇಶಪಾಂಡೆಯವರು ಅದಕ್ಕೆ ಧನಸಹಾಯ ನೀಡಿದರು. ಜನರನ್ನು ನಗಿಸಿ ಗಳಿಸಿದ ಹಣ ಹೀಗೆ ಜನರ ಕಣ್ಣೀರನ್ನು ಒರೆಸಲು ವಿನಿಯೋಗವಾಯಿತು. ಶಾಂತಿಯ ಕಾರ್ಯಕರ್ತನೆಂಬ ಬಿರುದನ್ನು ಅವರು ಧರಿಸಲಿಲ್ಲವಾದರೂ ಅವರು ಮಾಡಿದ್ದು ಆ ಕೆಲಸವನ್ನೇ.

ಈ ಜೀವನದಿಂದ ನಮ್ಮ ಸಂಘವು ಕಲಿಯಬೇಕಾದುದೇನು? 2022ರ ಡಿಸೆಂಬರಿನಲ್ಲಿ ಗಡಿವಿವಾದ ಕೆರಳಿದಾಗ ಬೆಳಗಾವಿಯ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಇಂತಹ ವೇಳೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ವಿವೇಕವೆಂದು ಹಲವರು ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ಬಂದವರ ಅಂಜಿಕೆ ಅರ್ಥವಾಗತಕ್ಕದ್ದೇ. ಆದರೆ ನಮ್ಮ ಬಸ್ಸಿನ ಮಸಿಗೆ ಮಾತ್ರ ನೊಂದು, ನೆರೆಯವರ ಲಾರಿಯ ಮೇಲೆ ಬಿದ್ದ ಕಲ್ಲನ್ನು ಜಮೆಯ ಬಾಬಿಗೆ ಬರೆದುಕೊಂಡರೆ ಆ ಲೆಕ್ಕ ಎಂದಿಗೂ ತಾಳೆಯಾಗದು. ಎರಡೂ ಕೃತ್ಯಗಳನ್ನು ಒಂದೇ ಧ್ವನಿಯಲ್ಲಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ, ಖಂಡಿಸುವ ನಿರ್ಣಯವನ್ನು ನಮ್ಮ ಸಂಘವು ಶಾಂತಿಯ ಕಾಲದಲ್ಲಿಯೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ಎರಡೂ ಭಾಷೆಗಳನ್ನು ಬಲ್ಲ ನಾವಲ್ಲದೆ ಬೇರೆ ಯಾರು ಆ ಮಾತನ್ನಾಡಬಲ್ಲರು?

ಅದಕ್ಕೆ ಮೊದಲು ನೆರೆಯವರ ಭಾಷೆ ನಮಗೆ ಚೆನ್ನಾಗಿ ಬರಬೇಕು. ಐವತ್ತರ ವಯಸ್ಸಿನಲ್ಲಿ ಪು.ಲ. ಶಾಂತಿನಿಕೇತನಕ್ಕೆ ಹೋಗಿ ಬಂಗಾಳಿಯನ್ನು ಕಲಿತರು. ಹಡಪಸರದಲ್ಲಿ ಮನೆ ಮಾಡಿಕೊಂಡ ನಮಗೆ ಮರಾಠಿಯನ್ನು ಓದಿ ಬರೆಯುವಷ್ಟು ಕಲಿಯುವುದು ಕಷ್ಟವಾಗಬಾರದು. ಮಕ್ಕಳಿಗೆ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಡುವ ಕರ್ತವ್ಯಕ್ಕೆ ಇದು ವಿರೋಧವೂ ಅಲ್ಲ. ನಮ್ಮ ಮಾಳವಾಡಿಯ ಆಸ್ಪತ್ರೆಯು ಹೊತ್ತಿರುವ ಹೆಸರು ಸಾನೆ ಗುರೂಜಿಯವರದು. ಭಾರತೀಯ ಭಾಷೆಗಳ ಜನರು ಪರಸ್ಪರ ಅರಿತು ಬಾಳುವ ‘ಆಂತರಭಾರತಿ’ಯ ಕನಸು ಕಂಡವರು ಅವರೇ. ಮುಂದಿನ ರಾಜ್ಯೋತ್ಸವದಲ್ಲಿ ಒಂದು ಸಂಜೆಯನ್ನು ಮರಾಠಿ–ಕನ್ನಡ ಹಾಸ್ಯವಾಚನಕ್ಕೆ ಮೀಸಲಿಟ್ಟು, ನೆರೆಹೊರೆಯ ಮರಾಠಿ ಕುಟುಂಬಗಳನ್ನು ಆಹ್ವಾನಿಸೋಣ. ಒಟ್ಟಿಗೆ ಕುಳಿತು ನಕ್ಕವರ ಕೈಗೆ ಕಲ್ಲು ಅಷ್ಟು ಸುಲಭವಾಗಿ ಬರಲಾರದು.