ಸೈಬರ್ ಅಂಗಡಿಯ ಮುಂದೆ ನಮ್ಮ ಮಕ್ಕಳು

ಪರೀಕ್ಷಾ ಅರ್ಜಿಯ ಕಾಲ ಬಂತೆಂದರೆ ಗುಬ್ಬಿ, ಕುಣಿಗಲ್, ತುಮಕೂರು, ಎಲ್ಲಿ ನೋಡಿದರೂ ಸೈಬರ್ ಅಂಗಡಿಗಳ ಮುಂದೆ ಪದವಿ ವಿದ್ಯಾರ್ಥಿಗಳು ನಿಂತಿರುತ್ತಾರೆ. ಅರ್ಜಿ ಇರುವುದು ಸರ್ಕಾರದ ಯು.ಯು.ಸಿ.ಎಂ.ಎಸ್. ಜಾಲತಾಣದಲ್ಲಿ, ಫೋನಿರುವುದು ಅವರ ಕೈಯಲ್ಲೇ. ಆದರೂ ಪಾಸ್‌ವರ್ಡನ್ನು ಅಂಗಡಿಯವನಿಗೆ ಒಪ್ಪಿಸಿ, ಮೇಲೆ ಹಣವನ್ನೂ ತೆತ್ತು ಬರುತ್ತಾರೆ. ಏಕೆಂದು ನಾವು ಕೇಳಿದರೆ, "ತಪ್ಪಾದರೆ ವರ್ಷವೇ ಹೋಗುತ್ತದಲ್ಲ ಸಾರ್" ಎನ್ನುತ್ತಾರೆ. ಅಂಗಡಿಯವರ ಮೇಲೆ ನಮಗೆ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿನವರೇ.

ಇದನ್ನು ಸೋಮಾರಿತನವೆನ್ನುವ ದೊಡ್ಡವರಿದ್ದಾರೆ. ನಾವು ಅದನ್ನು ಅಂಜಿಕೆಯೆನ್ನುತ್ತೇವೆ, ಆ ಅಂಜಿಕೆಯ ಬೇರು ಬಡತನದಲ್ಲಿದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕಂಪ್ಯೂಟರ್ ಇದ್ದದ್ದು ದೇಶದ ಹಳ್ಳಿಗಳಲ್ಲಿ ನೂರಕ್ಕೆ 4.4 ಮನೆಗಳಲ್ಲಿ, ಪಟ್ಟಣಗಳಲ್ಲಿ 23.4 ಮನೆಗಳಲ್ಲಿ. ಉಳ್ಳವರ ಮಗು ಮನೆಯಲ್ಲೇ ನೂರು ಸಲ ತಪ್ಪು ಮಾಡಿ ಕಲಿಯುತ್ತದೆ. ಕೂಲಿಕಾರನ ಮಗಳು ಕಂಪ್ಯೂಟರನ್ನು ಮೊದಲ ಸಲ ಮುಟ್ಟುವುದೇ ಕಾಲೇಜಿನಲ್ಲಿ, ಅದೂ ಕೆಟ್ಟರೆ ಯಾರು ದಂಡ ಕಟ್ಟಬೇಕೋ ಎಂದು ಹೆದರುತ್ತಾ.

ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2004ರಲ್ಲಿ ಜಿಲ್ಲೆಗೆ ವಿಶ್ವವಿದ್ಯಾನಿಲಯ ಬಂತು. 2021ರಲ್ಲಿ ರಾಜ್ಯದ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯ ಆರಂಭವಾಯಿತು. ಆದರೆ ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರನ್ನು ಯಾರು ಹಂಚಬೇಕು?

ಮಿಲ್ಲಿನ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಹುಡುಗನ ಕೈಗೆ ಯಂತ್ರ ಕೊಟ್ಟು ಮೇಸ್ತ್ರಿ ಮನೆಗೆ ಹೋಗುತ್ತಾನೆಯೆ? ಅಂಗಡಿಕಾರ ಮಿತ್ರರೂ ಬಲ್ಲರು. 2016ರಲ್ಲಿ ನೋಟು ರದ್ದಾದ ಮೇಲೆ ಫೋನಿನಲ್ಲಿ ಹಣ ಪಡೆಯುವುದನ್ನು ತಾವು ಕಲಿತದ್ದು ಹೇಗೆ? ಮಗನನ್ನೋ ನೆರೆಯ ಅಂಗಡಿಯವನನ್ನೋ ಕೇಳಿ, ಮೊದಲು ಹತ್ತು ರೂಪಾಯಿ ಹಾಕಿಸಿಕೊಂಡು ನೋಡಿ. ಕಲಿತರೆ ಗಿರಾಕಿ ಉಳಿಯುತ್ತಾನೆಂಬ ಆಸೆಯಿತ್ತು. ಹತ್ತು ರೂಪಾಯಿ ಹೋದರೂ ಅಂಗಡಿ ಮುಳುಗುತ್ತಿರಲಿಲ್ಲ. ವಿದ್ಯಾರ್ಥಿಗೆ ಕಂಪ್ಯೂಟರು ಎದುರಾಗುವುದು ಅರ್ಜಿಯ ದಿನ, ಕೊನೆಯ ತಾರೀಖಿನ ಭಯದೊಡನೆ. ಉತ್ಸಾಹ ಎಲ್ಲಿಂದ ಬರಬೇಕು?

ಆದ್ದರಿಂದ ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳನ್ನು ಸಂಜೆ ಹಳ್ಳಿಯ ಬಸ್ಸು ಹೊರಡುವವರೆಗೆ ತೆರೆದಿಡಬೇಕು. ಹಿರಿಯ ವಿದ್ಯಾರ್ಥಿಗಳಿಗೆ ಗೌರವಧನ ಕೊಟ್ಟು, ಕಿರಿಯರ ಪಕ್ಕ ಕುಳಿತು ಕನ್ನಡದಲ್ಲೇ ಹೇಳಿಕೊಡುವ ಏರ್ಪಾಡಾಗಬೇಕು. ಅರ್ಜಿಯನ್ನು ಕಾಲೇಜಿನಲ್ಲೇ ತುಂಬಿಸಬೇಕು, ಒತ್ತುವ ಬೆರಳು ಮಾತ್ರ ವಿದ್ಯಾರ್ಥಿಯದೇ ಆಗಿರಬೇಕು. ಅದಕ್ಕಿಂತ ಮೊದಲು, ಕಲಿಯುವಾಗ ಕೆಟ್ಟದ್ದಕ್ಕೆ ದಂಡವಿಲ್ಲವೆಂದು ಕೊಠಡಿಯ ಬಾಗಿಲಿಗೆ ಬರೆಸಬೇಕು. ಹಣವಿಲ್ಲವೆಂಬ ಹಳೆಯ ರಾಗವನ್ನು ಕೇಳಲು ನಾವು ಸಿದ್ಧರಿಲ್ಲ.

ಮುಂದಿನ ಅರ್ಜಿಯ ಕಾಲಕ್ಕೆ ಮೊದಲೇ ಈ ಬೇಡಿಕೆಗಳನ್ನು ವಿಶ್ವವಿದ್ಯಾನಿಲಯದ ಮುಂದಿಡಲಿದ್ದೇವೆ. ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ಬಂಧುಗಳು ಅಂದು ಅರ್ಧ ದಿನದ ಕೆಲಸ ಬಿಟ್ಟಾದರೂ ನಮ್ಮೊಡನೆ ಬರಬೇಕೆಂದು ಕೋರುತ್ತೇವೆ.